ಬಾಟಲಿ ಗಾಜಿನಿಂದ ಒಡವೆಯ ಮಣಿ: ಅಚ್ಚೋ, ಜ್ವಾಲೆಯೋ, ಬರೀ ಉಜ್ಜುವುದೋ?

ಬಳಸಿ ಬಿಸಾಡಿದ ಗಾಜಿನಿಂದ ಒಡವೆಯ ಮಣಿ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಸಲಕರಣೆ ಕೊಳ್ಳಬೇಕೆಂದು. ಚಿಂತಾಮಣಿಯಲ್ಲಿ ಮನೆಯಲ್ಲೇ ಓಲೆ, ಸರ ಕಟ್ಟಿ ಮಾರುವವರು, ತುಮಕೂರಿನಲ್ಲಿ ಓದು ಮುಗಿಸಿ ಸಣ್ಣ ಉದ್ಯಮದ ಯೋಚನೆಯಲ್ಲಿರುವವರು, ಮಾಲೂರು ಸೀಮೆಯ ಸ್ತ್ರೀಶಕ್ತಿ ಸಂಘದವರು, ಎಲ್ಲರ ಪ್ರಶ್ನೆಯೂ ಇದೇ. ವಿಡಿಯೊಗಳಲ್ಲಿ ನೀಲಿ ಜ್ವಾಲೆಯ ಮುಂದೆ ಕೂತು ಎರಡು ನಿಮಿಷದಲ್ಲಿ ಮಣಿಯನ್ನು ಅರಳಿಸುವುದನ್ನು ಕಂಡವರು ಆ ಜ್ವಾಲೆ ಕೊಡುವ ಅನಿಲದ ಟಾರ್ಚ್ ಕೊಳ್ಳಲು ಹೊರಡುವುದು ಸಹಜ. ಆದರೆ ಅಲ್ಲಿ ಕರಗುತ್ತಿರುವುದು ಬಹುಮಟ್ಟಿಗೆ ಆ ಕೆಲಸಕ್ಕೆಂದೇ ತಯಾರಿಸಿದ ಮೃದು ಗಾಜಿನ ಕಡ್ಡಿ. ನಮ್ಮ ಕೈಯಲ್ಲಿರುವುದು ಗುಜರಿ ಅಂಗಡಿಯ ಬಾಟಲಿ. ಅದರ ಸ್ವಭಾವ ಬೇರೆಯಾದ್ದರಿಂದ, ಯಾವ ವಿಧಾನ ಹೊಂದುತ್ತದೆ ಎಂಬುದನ್ನು ಅರ್ಧದಷ್ಟು ಆ ಗಾಜೇ ತೀರ್ಮಾನಿಸಿರುತ್ತದೆ.

ಬಾಟಲಿ, ಕಿಟಕಿ, ಬಳೆ ಇವೆಲ್ಲವೂ ಸ್ಥೂಲವಾಗಿ ಸೋಡಾ-ಸುಣ್ಣದ ಗಾಜುಗಳು. ಬಾಟಲಿಯಲ್ಲಿ ಶೇಕಡ 70ಕ್ಕಿಂತ ಹೆಚ್ಚು ಸಿಲಿಕಾ, ಉಳಿದುದರಲ್ಲಿ ಬಹುಪಾಲು ಸೋಡಾ ಮತ್ತು ಸುಣ್ಣ ಇರುತ್ತದೆ. ಇದು ಸುಮಾರು 720–730 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುತ್ತದೆ, 800ರ ಆಸುಪಾಸಿನಲ್ಲಿ ಅಚ್ಚಿನೊಳಗೆ ಕೂಡಿಕೊಳ್ಳುತ್ತದೆ. ಮಣಿ ಮಾಡುವವರ ಇಟಲಿಯ ಮೃದು ಗಾಜಿನಂತೆ ಇದು ಜೇನಿನ ಹದಕ್ಕೆ ಬಂದು ಬಹಳ ಹೊತ್ತು ನಿಲ್ಲುವುದಿಲ್ಲ. ಜ್ವಾಲೆಯಿಂದ ಹೊರತೆಗೆದ ಕೂಡಲೇ ಬಿಗಿದುಕೊಳ್ಳುತ್ತದೆ. ಬಿಸಿಯಾದಾಗ ಹಿಗ್ಗುವ ಪ್ರಮಾಣವೂ ಒಂದೊಂದು ಗಾಜಿಗೆ ಒಂದೊಂದು. ಈ ಕೆಲಸದವರು ಬಳಸುವ ಹಿಗ್ಗುವಿಕೆಯ ಅಂಕಿಯಲ್ಲಿ ಹೇಳುವುದಾದರೆ ಇಟಲಿಯ ಮೃದು ಕಡ್ಡಿಯದು 104, ಬಾಟಲಿಯದು ಸಾಮಾನ್ಯವಾಗಿ 90ರ ಒಳಗೆ, ಅಡುಗೆಮನೆಯ ಬೊರೊಸಿಲಿಕೇಟ್ ಪಾತ್ರೆಯದು 33. ಅಂಕಿ ಹೊಂದದ ಎರಡು ಗಾಜನ್ನು ಒಂದೇ ಮಣಿಯಲ್ಲಿ ಬೆಸೆದರೆ ಅದು ತಣಿಯುವಾಗಲೋ, ವಾರದ ಮೇಲೆ ಗಿರಾಕಿಯ ಕೊರಳಲ್ಲೋ ಬಿರುಕು ಬಿಡುತ್ತದೆ. ಆದ್ದರಿಂದ ಯಾವ ವಿಧಾನ ಹಿಡಿದರೂ ಒಂದು ಮಣಿಗೆ ಒಂದೇ ಬಾಟಲಿಯ ಗಾಜು ಎಂಬ ನಿಯಮವನ್ನು ಆರಂಭದಲ್ಲಿ ಮೀರಬಾರದು.

ಯಾವ ಗಾಜನ್ನು ಮುಟ್ಟಲೇಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಬಾಟಲಿಯ ಮೈಮೇಲೆ ಬಣ್ಣದಲ್ಲಿ ಅಚ್ಚಾದ ಬರಹವಿದ್ದರೆ ಆ ಭಾಗವನ್ನು ಬಿಡಬೇಕು. ತುಂಬಿ ಮರಳಿ ಬಳಸುವ ಬಿಯರ್ ಬಾಟಲಿ ಇಡಿಯಾಗಿದ್ದರೆ ಅದಕ್ಕೆ ಗುಜರಿಯಲ್ಲಿ ತನ್ನದೇ ಬೆಲೆ ಇದೆ, ಅದನ್ನು ಒಡೆಯುವುದರಲ್ಲಿ ಅರ್ಥವಿಲ್ಲ. ಬಾಯಿ ಒಡೆದದ್ದು, ವಿಚಿತ್ರ ಆಕಾರದ್ದು, ಯಾರಿಗೂ ಬೇಡವಾದದ್ದು ನಮಗೆ ಸಾಕು. ಗಾಜಿನ ಖರ್ಚಂತೂ ಲೆಕ್ಕಕ್ಕೇ ಬಾರದು: 12 ಮಿಲಿಮೀಟರ್ ಗುಂಡು ಮಣಿಗೆ ಬೇಕಾಗುವುದು ಸುಮಾರು 2 ಗ್ರಾಂ.

ತೂಗಿ ನೋಡಬೇಕಾದ ಸಂಗತಿಗಳು

ನಾನು ಎಲ್ಲಕ್ಕಿಂತ ಮೇಲಿಡುವುದು ಮಣಿಯ ಬಾಳಿಕೆಯನ್ನು, ಅಂದರೆ ಅದು ಸರಿಯಾಗಿ ತಣಿದಿದೆಯೇ ಎಂಬುದನ್ನು. ಕರಗಿದ ಗಾಜನ್ನು ಹಾಗೇ ಗಾಳಿಗೆ ಬಿಟ್ಟರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಭಾಗ ಆಮೇಲೆ ಕುಗ್ಗಲು ಹೋಗಿ ಒಳಗೇ ಎಳೆತ ಉಳಿದುಬಿಡುತ್ತದೆ. ಇದನ್ನು ತಪ್ಪಿಸಲು ಬಾಟಲಿ ಗಾಜನ್ನು ಸುಮಾರು 550 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಿಂದ ನಿಧಾನವಾಗಿ ಇಳಿಸಬೇಕು. ಅನೀಲಿಂಗ್ ಎಂದು ಕರೆಯುವ ಈ ಹಂತಕ್ಕೆ ಅವಕಾಶವಿಲ್ಲದ ವಿಧಾನ ಎಷ್ಟೇ ಅಗ್ಗವಾಗಿದ್ದರೂ ಮಾರಾಟದ ಒಡವೆಗೆ ಒಗ್ಗುವುದಿಲ್ಲ.

ಎರಡನೆಯದು ರಂಧ್ರ. ಮಣಿಯ ಚೆಲುವನ್ನು ಎಲ್ಲರೂ ನೋಡುತ್ತಾರೆ, ಅದರ ರಂಧ್ರದ ಅಂಚನ್ನು ನೋಡುವುದು ದಾರ ಮಾತ್ರ. ಅಂಚು ಚೂಪಾಗಿದ್ದರೆ ಶಿಡ್ಲಘಟ್ಟದ ಗಟ್ಟಿ ರೇಷ್ಮೆ ಹುರಿಯಲ್ಲೇ ಪೋಣಿಸಿದ್ದರೂ ಕೆಲವು ತಿಂಗಳಲ್ಲಿ ಸರ ಕಡಿದುಕೊಳ್ಳುತ್ತದೆ. ಮೂರನೆಯದು ಜೋಡಿ ಹೊಂದಿಸುವುದು: ಓಲೆಗೆ ಒಂದೇ ಅಳತೆಯ ಎರಡು ಮಣಿ ಬೇಕು, ಸರಕ್ಕೆ ನಲವತ್ತಾದರೂ ಬೇಕಾಗಬಹುದು. ಅದರ ಜೊತೆಗೇ ಬರುವುದು ತೂಕ. ಅಂಥ ನಲವತ್ತು ಗುಂಡು ಮಣಿಗಳು 80 ಗ್ರಾಮಿಗೂ ಮೀರುವುದರಿಂದ, ಚಪ್ಪಟೆ ಅಥವಾ ಸಣ್ಣ ಮಣಿ ಮಾಡಲು ಬರುವ ವಿಧಾನಕ್ಕೆ ಸರದ ವಿಷಯದಲ್ಲಿ ಒಂದು ಅಂಕ ಹೆಚ್ಚು. ಇವುಗಳ ನಂತರ ಬಂಡವಾಳ, ವಿದ್ಯುತ್ತು ಅಥವಾ ಅನಿಲ, ಜಾಗ, ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆ, ಮತ್ತು ಕೈ ಪಳಗಲು ಬೇಕಾದ ಕಾಲ.

ಅಚ್ಚು ಮತ್ತು ವಿದ್ಯುತ್ ಕುಲುಮೆ

ಗಾಜನ್ನು ಕುಟ್ಟಿ, ಜರಡಿ ಹಿಡಿದು, ಮಣ್ಣಿನ ಅಚ್ಚಿನ ಗುಳಿಗಳಲ್ಲಿ ತುಂಬಿ ಸುಡುವ ಈ ಕ್ರಮಕ್ಕೆ ಜಗತ್ತಿನಲ್ಲೇ ಹೆಸರಾದ ನೆಲೆ ಪಶ್ಚಿಮ ಆಫ್ರಿಕದ ಘಾನಾ ದೇಶದ ಕ್ರೋಬೋ ಸೀಮೆ. ಅಲ್ಲಿನವರು ಒಡೆದ ಬಾಟಲಿಗಳನ್ನೇ ಪುಡಿಮಾಡುತ್ತಾರೆ. ಅಚ್ಚಿಗೆ ಬಿಳಿ ಜೇಡಿಯನ್ನು ಬಳಿದು, ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟನ್ನು ನಿಲ್ಲಿಸಿ ಸುತ್ತಲೂ ಪುಡಿ ತುಂಬುತ್ತಾರೆ. ಬೆಂಕಿಯಲ್ಲಿ ತೊಟ್ಟು ಉರಿದುಹೋಗಿ ರಂಧ್ರ ಉಳಿಯುತ್ತದೆ. ಪುಡಿಯ ಬದಲು ಚೂರುಗಳನ್ನು ಹಾಕಿ, ಕರಗಿದ ಮೇಲೆ ಅಚ್ಚನ್ನು ಹೊರಗೆಳೆದು ಲೋಹದ ಸಲಾಕೆಯಿಂದ ಚುಚ್ಚಿ ಹೊರಳಿಸಿದರೆ ಬೆಳಕು ಹಾಯುವ ಮಣಿ ಸಿಗುತ್ತದೆ. ಪುಡಿಯ ಮಣಿಯಾದರೋ ಮಂದವಾಗಿ, ಕಲ್ಲಿನಂತೆ ಕಾಣುತ್ತದೆ. ಅಲ್ಲಿ ಒಲೆ ಕಟ್ಟಲು ಹುತ್ತದ ಮಣ್ಣನ್ನು ಬಳಸುವುದುಂಟು. ನಮ್ಮ ಕಡೆ ಹುತ್ತಕ್ಕೆ ಗುದ್ದಲಿ ಹಾಕಲು ಯಾರೂ ಒಪ್ಪುವುದಿಲ್ಲ, ಹಾಕಬೇಕಾದ ಅಗತ್ಯವೂ ಇಲ್ಲ. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನ ಮಣ್ಣಿನಲ್ಲಿ ಕುಂಬಾರರೊಬ್ಬರ ಕೈಯಿಂದ ಅಚ್ಚು ಮಾಡಿಸಿ ಸುಡಿಸಿಕೊಂಡರೆ ಸಾಕು.

ಬಾಟಲಿ ಗಾಜಿನ ಮೊಂಡುತನ ಇಲ್ಲಿ ಅಡ್ಡಿಯಾಗುವುದೇ ಇಲ್ಲ, ಏಕೆಂದರೆ ಕೈ ಬೇಗ ಓಡಬೇಕಾದ ಪ್ರಸಂಗವಿಲ್ಲ. ಕುಲುಮೆಯನ್ನು 780ರಿಂದ 820 ಡಿಗ್ರಿಯ ನಡುವೆ ಹತ್ತಿಪ್ಪತ್ತು ನಿಮಿಷ ನಿಲ್ಲಿಸಿ, 550ರ ಆಸುಪಾಸಿಗೆ ಬೇಗ ಇಳಿಸಿ, ಅಲ್ಲಿ ಅರ್ಧ ಗಂಟೆ ತಡೆದು, ಮುಚ್ಚಳ ತೆರೆಯದೆ ತಣಿಯಲು ಬಿಟ್ಟರೆ ಕರಗಿಸುವುದೂ ಹದವಾಗಿ ತಣಿಸುವುದೂ ಒಂದೇ ಸುಡುವಿಕೆಯಲ್ಲಿ ಮುಗಿಯುತ್ತದೆ. ಮೇಲಿನ ಬಿಸಿಯಲ್ಲಿ ಬಹಳ ಹೊತ್ತು ಬಿಟ್ಟರೆ ಬಾಟಲಿ ಗಾಜಿನ ಮೈಮೇಲೆ ಬಿಳಿ ಪೊರೆ ಕಟ್ಟುವ ಚಾಳಿ ಇದೆ. ಅದಕ್ಕಾಗಿಯೇ ಮೊದಲ ಇಳಿಕೆ ಬೇಗ ಆಗಬೇಕೆಂದದ್ದು. ನಿಖರವಾದ ಅಂಕಿಗಳನ್ನು ಪ್ರತಿ ಕುಲುಮೆಯೂ ಸ್ವಲ್ಪ ಬದಲಿಸುತ್ತದೆ, ಹಾಗಾಗಿ ಕೊಳ್ಳುವಾಗ ಡಿಜಿಟಲ್ ತಾಪಮಾನ ನಿಯಂತ್ರಕ ಇರುವುದನ್ನೇ ಕೊಳ್ಳಬೇಕು. ಅದಿಲ್ಲದ ಅಗ್ಗದ ಕುಲುಮೆ ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಜೋಡಿ ಹೊಂದಿಸುವುದರಲ್ಲಿ ಈ ವಿಧಾನಕ್ಕೆ ಎದುರಿಲ್ಲ. 20 ಸೆಂಟಿಮೀಟರ್ ಚದರದ ಅಚ್ಚಿನಲ್ಲಿ 2 ಸೆಂಟಿಮೀಟರಿಗೊಂದು ಗುಳಿ ತೋಡಿದರೆ ಒಂದು ಸಲಕ್ಕೆ 100 ಮಣಿ; ಪ್ರತಿ ಗುಳಿಗೂ ಪುಡಿಯನ್ನು ತೂಗಿ ಹಾಕಿದರೆ ಅಳತೆಯಲ್ಲಿ ಹೆಚ್ಚಿನ ವ್ಯತ್ಯಾಸ ಬರುವುದಿಲ್ಲ. ಕರಗುವಾಗ ಪುಡಿ ಕುಗ್ಗುವುದರಿಂದ ಗುಳಿಯನ್ನು ಗೋಪುರವಾಗಿ ತುಂಬಬೇಕು. ಸುಟ್ಟ ಮೇಲೆ ಮಣಿಗಳನ್ನು ಕಂಬಿಗೆ ಪೋಣಿಸಿ, ನೀರು ಮತ್ತು ಮರಳು ಹಾಕಿ ಕಲ್ಲಿನ ಮೇಲೆ ಉಜ್ಜಿ ಅಂಚು ನಯಮಾಡುವ ಕೆಲಸ ಉಳಿದಿರುತ್ತದೆ, ಮತ್ತು ಈ ಕೆಲಸ ಬೇಸರ ತರಿಸುವಂಥದ್ದು. ಸಂಘದವರು ನಾಲ್ಕಾರು ಜನ ಸೇರಿ ಕೂತರೆ ಮಾತಿನ ನಡುವೆ ಮುಗಿಯುತ್ತದೆ. ಒಬ್ಬರೇ ಮಾಡುವವರು ಈ ಹೊತ್ತನ್ನೂ ಮಣಿಯ ಬೆಲೆಯಲ್ಲಿ ಸೇರಿಸಿಕೊಳ್ಳಬೇಕು.

ದೌರ್ಬಲ್ಯ ಇರುವುದು ಬಂಡವಾಳದಲ್ಲಿ ಮತ್ತು ವಿದ್ಯುತ್ತಿನಲ್ಲಿ. ನಿಯಂತ್ರಕವಿರುವ ಸಣ್ಣ ಕುಲುಮೆಯೂ ಹತ್ತಾರು ಸಾವಿರ ರೂಪಾಯಿಯ ಮಾತು. 2 ಕಿಲೋವಾಟಿನ ಕುಲುಮೆಯ ಸುರುಳಿ ಒಟ್ಟು 4 ಗಂಟೆ ಉರಿದರೆ ಒಂದು ಸುಡುವಿಕೆಗೆ 8 ಯೂನಿಟ್, ತಿಂಗಳಿಗೆ ಹತ್ತು ಸಲವಾದರೆ 80 ಯೂನಿಟ್. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆ ಈ 80ರಿಂದಾಗಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅಲ್ಲದೆ ಆ ಯೋಜನೆ ಇರುವುದು ಗೃಹಬಳಕೆಗೆ, ಮಾರಾಟದ ಕೆಲಸಕ್ಕಲ್ಲ. ಮನೆಗೆ ಬೆಸ್ಕಾಂ ಮಂಜೂರು ಮಾಡಿರುವ ಲೋಡ್ ಎಷ್ಟು, ಗೀಸರ್ ಹಾಕುವಂಥ ದಪ್ಪ ಪಿನ್ನಿನ ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇದೆಯೇ ಎಂಬುದನ್ನು ಕುಲುಮೆ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಕರೆಂಟು ಹೋಗುವ ಭಯ ಮಾತ್ರ ಜನ ಭಾವಿಸುವಷ್ಟಿಲ್ಲ. ಏರುವ ಹಂತದಲ್ಲಿ ಹೋದರೆ ಮತ್ತೆ ಹಾಕಿ ಸುಡಬಹುದು. ಇಳಿಯುವ ಹಂತದಲ್ಲಿ ಹೋದರೆ, ದಪ್ಪ ಗೋಡೆಯ ಕುಲುಮೆ ತನ್ನಷ್ಟಕ್ಕೆ ನಿಧಾನವಾಗಿ ತಣಿಯುವುದರಿಂದ, ಸಣ್ಣ ಮಣಿಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಕುಂಬಾರರ ಆವಿಗೆಯಲ್ಲೇ ಮಡಕೆಗಳ ಜೊತೆ ಸುಡಬಾರದೇ ಎಂದು ಕೇಳುವವರಿದ್ದಾರೆ. ಬಿಸಿ ಸಾಲುತ್ತದೆ, ಆದರೆ ಒಂದೊಂದು ಮೂಲೆಗೆ ಒಂದೊಂದು ಹದ ಬರುತ್ತದೆ, ಬೂದಿಯೂ ಗಾಜಿಗೆ ಅಂಟಿಕೊಳ್ಳುತ್ತದೆ. ಒರಟು ಚೆಲುವಿನ ದೊಡ್ಡ ಮಣಿ ಬೇಕೆನ್ನುವವರು ಪ್ರಯತ್ನಿಸಬಹುದು, ಜೋಡಿ ಓಲೆಗೆ ಬೇಡ.

ಟಾರ್ಚಿನ ಜ್ವಾಲೆ

ಜೇಡಿ ಲೇಪಿಸಿದ ಸ್ಟೀಲ್ ಕಂಬಿಯ ಮೇಲೆ ಕರಗಿದ ಗಾಜನ್ನು ಸುತ್ತುತ್ತ ಮಣಿ ಮಾಡುವ ಕಲೆಗೆ ಬನಾರಸ್ ಹೆಸರಾದ ನೆಲೆ. ಕಂಬಿಯ ಸುತ್ತ ಬೆಳೆದ ಮಣಿಯಾದ್ದರಿಂದ ರಂಧ್ರದ ಅಂಚು ಕೈ ಪಳಗಿದವರಲ್ಲಿ ತಾನಾಗಿಯೇ ದುಂಡಗೆ ಬರುತ್ತದೆ. ಚುಕ್ಕೆ, ಗೆರೆ, ಹೂವು ಮೂಡಿಸಲು ಇದನ್ನು ಮೀರಿಸುವ ವಿಧಾನವಿಲ್ಲ. ಒಂದೊಂದು ಮಣಿಯೂ ಬೇರೆ ಎಂಬುದಕ್ಕೇ ಬೆಲೆ ಕೊಡುವ ಗಿರಾಕಿ ನಿಮಗಿದ್ದರೆ ಇದರತ್ತ ನೋಡಬೇಕು.

ಬಾಟಲಿ ಗಾಜಿನೊಂದಿಗೆ ಮಾತ್ರ ಕಷ್ಟ ಶುರುವಾಗುತ್ತದೆ. ಮೊದಲಿಗೆ ಬಾಟಲಿಯನ್ನು ಪಟ್ಟಿಗಳಾಗಿ ಕತ್ತರಿಸಿ, ಕಡ್ಡಿಯಾಗಿ ಎಳೆದುಕೊಳ್ಳಬೇಕು. ತಣ್ಣನೆಯ ದಪ್ಪ ಚೂರನ್ನು ನೇರವಾಗಿ ಜ್ವಾಲೆಗೆ ಹಿಡಿದರೆ ಸಿಡಿದು ಮುಖಕ್ಕೆ ಹಾರುತ್ತದೆ. ಗಾಳಿಯನ್ನಷ್ಟೇ ಸೇರಿಸಿಕೊಂಡು ಉರಿಯುವ ಎಲ್‌ಪಿಜಿ ಟಾರ್ಚಿನಲ್ಲಿ ಈ ಗಾಜು ಕರಗುತ್ತದಾದರೂ ತಾಳ್ಮೆ ಕೆಡುವಷ್ಟು ನಿಧಾನ; ಆಮ್ಲಜನಕ ಸೇರಿಸಿದರೆ ಕೆಲಸ ಸುಗಮ. ಕೋವಿಡ್ ಕಾಲದಲ್ಲಿ ಮನೆಮಾತಾದ ಆಕ್ಸಿಜನ್ ಕಾನ್ಸಂಟ್ರೇಟರನ್ನೇ ಇದಕ್ಕೂ ಬಳಸುತ್ತಾರೆ, ಆದರೆ ಅಲ್ಲಿಗೆ ಟಾರ್ಚ್ ಅಗ್ಗ ಎಂಬ ಮೊದಲಿನ ಆಕರ್ಷಣೆ ಕರಗಿರುತ್ತದೆ. ಸಿಲಿಂಡರಿನ ವಿಷಯವೂ ಇದೆ: ಮನೆಯ 14.2 ಕಿಲೋ ಸಿಲಿಂಡರನ್ನು ಮಾರಾಟದ ಕೆಲಸಕ್ಕೆ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ತರಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ತಗ್ಗಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಕಡೆ ಈ ಕೆಲಸ ಕೂಡದು. ಬಿಸಿ ಗಾಜಿನಲ್ಲಿರುವ ಸೋಡಿಯಮ್ಮಿನಿಂದ ಜ್ವಾಲೆ ಹಳದಿಯಾಗಿ ಉರಿದು ಮಣಿಯೇ ಕಾಣದಂತಾಗುವುದರಿಂದ, ಆ ಹಳದಿಯನ್ನು ಸೋಸುವ ಡಿಡೈಮಿಯಮ್ ಕನ್ನಡಕವೂ ಬೇಕು.

ಇಷ್ಟೆಲ್ಲ ಹೊಂದಿಸಿದರೂ ತಣಿಸುವ ಸಮಸ್ಯೆ ಹಾಗೇ ಉಳಿಯುತ್ತದೆ. ಬೂದಿಯಲ್ಲೋ, ಬಿಸಿ ಬೇಗ ಬಿಟ್ಟುಕೊಡದ ಹಗುರ ಖನಿಜವಾದ ವರ್ಮಿಕ್ಯುಲೈಟಿನಲ್ಲೋ ಬಿಸಿ ಮಣಿಯನ್ನು ಹೂಳಿಡುವುದು ಸಿಡಿಯುವುದನ್ನು ತಡೆಯುತ್ತದೆಯೇ ಹೊರತು ಅನೀಲಿಂಗ್‌ಗೆ ಸಮವಲ್ಲ. ಮಾರುವ ಮಣಿಗೆ ಕೊನೆಗೂ ಕುಲುಮೆ ಬೇಕೇ ಬೇಕು. ಹಾಗಾದರೆ ಕುಲುಮೆಯನ್ನೇ ಮೊದಲು ಕೊಂಡು, ಅದರಲ್ಲಿ ಅಚ್ಚಿನ ಮಣಿ ಮಾಡಿ ಮಾರುತ್ತ, ಗಳಿಕೆಯಿಂದ ಮುಂದೆ ಟಾರ್ಚ್ ಸೇರಿಸಿಕೊಳ್ಳುವುದೇ ಸರಿಯಾದ ಅನುಕ್ರಮ ಎಂಬುದು ನನ್ನ ನಿಲುವು. ಟಾರ್ಚಿನಿಂದಲೇ ಕಲಿಕೆ ಆರಂಭಿಸುತ್ತೇನೆ ಎನ್ನುವವರು ಮೊದಲ ಕೆಲವು ತಿಂಗಳು ಮೃದು ಕಡ್ಡಿಯಲ್ಲೇ ಕೈ ಪಳಗಿಸಿಕೊಂಡು ಆಮೇಲೆ ಬಾಟಲಿಗೆ ಬರುವುದು ಲೇಸು.

ಬೆಂಕಿಯಿಲ್ಲದ ದಾರಿ

ಗಾಜನ್ನು ಕರಗಿಸದೆ, ಕತ್ತರಿಸಿ, ಕೊರೆದು, ಉಜ್ಜಿ ಮಣಿ ಮಾಡಬಹುದು. ಗಾಜು ಕತ್ತರಿಸುವ ಚಕ್ರ, ಡೈಮಂಡ್ ಬಿಟ್, ಸಣ್ಣ ಕೈ ಡ್ರಿಲ್, ಒರಟಿನಿಂದ ನಯದವರೆಗಿನ ವಾಟರ್ ಪೇಪರ್ ಇಷ್ಟಿದ್ದರೆ ಕೆಲವೇ ಸಾವಿರದಲ್ಲಿ ಕೆಲಸ ಆರಂಭವಾಗುತ್ತದೆ. ಕಾರ್ಖಾನೆಯಲ್ಲೇ ಹದವಾಗಿ ತಣಿದ ಗಾಜಾದ್ದರಿಂದ ಅನೀಲಿಂಗ್ ಚಿಂತೆ ಇಲ್ಲ. ಬಾಟಲಿಯ ಕತ್ತಿನ ಭಾಗವನ್ನು ಉಂಗುರಗಳಾಗಿ ಕತ್ತರಿಸಿ ನಯಮಾಡಿದರೆ ದೊಡ್ಡ ಬಳೆಮಣಿಯಂಥ ಪದಕ ಸಿಗುತ್ತದೆ. ಚೂರುಗಳನ್ನು ಸಿಲಿಕಾನ್ ಕಾರ್ಬೈಡ್ ಪುಡಿ ಮತ್ತು ನೀರಿನೊಂದಿಗೆ ಉರುಳುವ ಡಬ್ಬಿಯಲ್ಲಿ ದಿನಗಟ್ಟಲೆ ತಿರುಗಿಸಿದರೆ ಸಮುದ್ರದ ದಡದಲ್ಲಿ ಸಿಗುವಂಥ ಮಂಜುಮೈಯ ತುಣುಕಾಗುತ್ತದೆ. ಕಿವಿಗೆ, ಪದಕಕ್ಕೆ ಇವು ಬಹಳ ಚೆನ್ನ. ಸರಕ್ಕೆ ಬೇಕಾದ ಗುಂಡು ಮಣಿ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ, ಜೋಡಿ ಹೊಂದಿಸುವುದಕ್ಕೂ ಹೆಚ್ಚು ಹೊತ್ತು ಬೇಕು. ರಂಧ್ರವನ್ನು ಎರಡೂ ಕಡೆಯಿಂದ ಅರ್ಧರ್ಧ ಕೊರೆದರೆ ಅಂಚು ಚಕ್ಕೆ ಏಳುವುದು ಕಡಿಮೆ, ಆದರೂ ಅದನ್ನು ಮತ್ತೆ ನಯಮಾಡಲೇಬೇಕು.

ಇಲ್ಲಿ ಎಲ್ಲವೂ ನೀರಿನಡಿಯಲ್ಲೇ ನಡೆಯಬೇಕು. ಒಣಗಾಜನ್ನು ಉಜ್ಜಿದ ಧೂಳು ಶ್ವಾಸಕೋಶಕ್ಕೆ ಕೇಡು, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಅಚ್ಚಿಗೆ ಪುಡಿ ಕುಟ್ಟುವವರಿಗೂ ಇದೇ ಮಾತು. ನಮ್ಮ ಜಿಲ್ಲೆಗಳಲ್ಲಿ ನೀರಿನದೇ ಬೇರೆ ಕಥೆ. ಬಕೆಟ್ಟಿನಲ್ಲಿ ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಮತ್ತೆ ಬಳಸಬಹುದು, ಕೆಸರನ್ನು ಚರಂಡಿಗೆ ಬಿಡಬಾರದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುವುದರಿಂದ, ಆ ಒಂದು ಸಲಕ್ಕಾದರೂ ಮಳೆನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಬಳಸುವುದು ಒಳಿತು.

ಮೈಕ್ರೋವೇವ್ ಒಲೆಯೊಳಗಿಟ್ಟು ಗಾಜು ಕರಗಿಸುವ ಪುಟ್ಟ ಕುಲುಮೆಯ ಬಗ್ಗೆಯೂ ವಿಚಾರಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಒಂದೆರಡು ತುಣುಕು ಬೆಸೆಯುವ ಆಟಿಕೆ ಅದು. ತಣಿಯುವ ವೇಗ ನಮ್ಮ ಹಿಡಿತದಲ್ಲಿಲ್ಲ, ಆ ಒಲೆಯನ್ನು ಮತ್ತೆ ಅಡುಗೆಗೆ ಬಳಸುವುದೂ ಸರಿಯಲ್ಲ. ವ್ಯಾಪಾರಕ್ಕೆ ಬೇಡ.

ಸಿದ್ಧ ಮಣಿ ತಂದು ಪೋಣಿಸುವುದು

ಈ ಆಯ್ಕೆಯನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ ಗಾಜಿನ ಮಣಿಗೇ ಹೆಸರಾದ ಊರು. ತಿರುಪತಿ ಮತ್ತು ಶ್ರೀಕಾಳಹಸ್ತಿಯ ನಡುವಿನ ಪಾಪನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಕೊಳವೆಯಾಗಿ ಎಳೆದು ಸಣ್ಣ ಮಣಿ ಕತ್ತರಿಸುವ, ಪುದುಚೇರಿ ಬಳಿಯ ಪ್ರಾಚೀನ ಬಂದರು ಅರಿಕಮೇಡುವಿನ ಕಾಲದಿಂದ ದಕ್ಷಿಣದಲ್ಲಿ ನಡೆದುಬಂದ ಕ್ರಮವನ್ನು ವಿದ್ವಾಂಸರು ದಾಖಲಿಸಿದ್ದಾರೆ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಓಣಿಗಳಲ್ಲಿ ಗಾಜಿನ ಮಣಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ವಿನ್ಯಾಸ, ಬಣ್ಣದ ಹೊಂದಾಣಿಕೆ, ಗಂಟು ಹಾಕುವ ಕೈಚಳಕ ನಿಮ್ಮ ಬಲವಾಗಿದ್ದರೆ ಗಾಜಿನ ಹಿಂದೆ ಹೋಗದೆ ಇದನ್ನೇ ಹಿಡಿಯಬಹುದು. ಮರುಬಳಕೆಯ ಗಾಜು ಎಂದು ಗಿರಾಕಿಗೆ ಹೇಳುವುದಾದರೆ ಮಾತ್ರ ಮಾರುವವರಿಂದ ಅದನ್ನು ಖಚಿತಪಡಿಸಿಕೊಂಡಿರಬೇಕು. ಕರಿಮಣಿಯಂಥ, ಸಾವಿರಾರು ಒಂದೇ ಅಳತೆಯಲ್ಲಿ ಬೇಕಾಗುವ ಸಣ್ಣ ಮಣಿಯಲ್ಲಂತೂ ಕೈಕೆಲಸ ಯಂತ್ರದ ಬೆಲೆಗೆ ಎಂದೂ ಇಳಿಯಲಾರದು.

ಯಾರಿಗೆ ಯಾವುದು

ಕೈಯಲ್ಲಿ ಐದಾರು ಸಾವಿರವಿದ್ದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ವಾರದಲ್ಲಿ ಕೆಲವೇ ಗಂಟೆ ಬಿಡುವಿರುವವರಿಗೆ ಬೆಂಕಿಯಿಲ್ಲದ ದಾರಿಯಲ್ಲಿ ಪದಕ ಮತ್ತು ಓಲೆ ಮಾಡುತ್ತ, ಗುಂಡು ಮಣಿಯನ್ನು ಹೊರಗಿನಿಂದ ತಂದು ಸೇರಿಸುವುದು ಹೊಂದುತ್ತದೆ. ನಂದಿಬೆಟ್ಟಕ್ಕೆ ಬರುವ ಪ್ರವಾಸಿಗರಿಗೆ, ಬೆಂಗಳೂರಿನ ವಾರಾಂತ್ಯದ ಸಂತೆಗಳಿಗೆ ಇಂಥ ಒಂಟಿ ತುಣುಕುಗಳೇ ತಕ್ಕ ಸರಕು. ಹತ್ತು ಜನರ ಸಂಘಕ್ಕೆ ನಾನು ಅನುಮಾನವಿಲ್ಲದೆ ಅಚ್ಚು ಮತ್ತು ಕುಲುಮೆಯನ್ನೇ ಹೇಳುತ್ತೇನೆ: ಬಂಡವಾಳ ಹಂಚಿಹೋಗುತ್ತದೆ, ಕುಟ್ಟುವುದು, ತುಂಬುವುದು, ಉಜ್ಜುವುದು, ಪೋಣಿಸುವುದು ಬೇರೆ ಬೇರೆ ಕೈಗಳಿಗೆ ಹೋಗುತ್ತದೆ, ಕಲಿಯಲು ವರ್ಷಗಳು ಬೇಡ. ಒಬ್ಬರೇ ಕೂತು ಕಲಾವಸ್ತು ಮಾಡಬೇಕೆಂಬ ಹಂಬಲ, ಗಾಳಿಯಾಡುವ ಪ್ರತ್ಯೇಕ ಕೋಣೆ, ಗಳಿಕೆಗೆ ಆತುರವಿಲ್ಲದ ಸ್ಥಿತಿ ಈ ಮೂರೂ ಇದ್ದವರಿಗೆ ಟಾರ್ಚ್, ಅದೂ ಕುಲುಮೆಯ ನಂತರ.

ಬಣ್ಣ ಬೇಕೆನ್ನುವವರಿಗೆ ಒಂದು ಮಾತು. ಬಾಟಲಿಯಲ್ಲಿ ಸಿಗುವುದು ಹಸಿರು, ಕಂದು, ಬಿಳಿ; ನೀಲಿ ಮಾತ್ರ ಅಪರೂಪ. ಕೆಂಪು, ಹಳದಿ, ನೇರಳೆಗೆ ಒಡೆದ ಬಳೆಗಳು ಒಳ್ಳೆಯ ಮೂಲ, ಜಾತ್ರೆ ಮುಗಿದ ಮೇಲೆ ಬಳೆ ಅಂಗಡಿಯವರಲ್ಲಿ ಕೇಳಿದರೆ ಚೂರು ಸಿಗಬಹುದು. ಮೇಲೆ ಹೊಳಪಿನ ಲೇಪವಿರುವುದನ್ನು ಬಿಡಿ. ಬಳೆಯ ಗಾಜು ಬಾಟಲಿಯ ಗಾಜಿನೊಂದಿಗೆ ಹೊಂದುತ್ತದೆಂಬ ಖಾತ್ರಿ ಇಲ್ಲದ್ದರಿಂದ ಬಳೆಯ ಮಣಿಯನ್ನು ಬಳೆಯಿಂದಲೇ ಮಾಡುವುದು ಕ್ಷೇಮ. ಬೆಸೆಯಲೇಬೇಕೆಂದರೆ ಎರಡರ ಚೂರುಗಳನ್ನು ಸೇರಿಸಿ ಒಂದು ಮಾದರಿ ಸುಟ್ಟು ಪರೀಕ್ಷಿಸಬೇಕು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ, ನಡುವೆ ಆ ಮಾದರಿಯನ್ನು ಹಿಡಿದು ನೋಡಿ. ಬೆಸುಗೆಯ ಸುತ್ತ ಬೆಳಕಿನ ಹೊಳಪು ಕಂಡರೆ ಒಳಗೆ ಎಳೆತವಿದೆ, ಆ ಜೋಡಿ ಹೊಂದದು. ಬೆಳಕು ಹಾಯುವ ಮಣಿಗಳ ಅನೀಲಿಂಗ್ ಸರಿಯಾಗಿದೆಯೇ ಎಂಬುದಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ಮಂದವಾದ ಪುಡಿ ಮಣಿಗಳನ್ನಾದರೆ ಪ್ರತಿ ಸುಡುವಿಕೆಯಿಂದ ಕೆಲವನ್ನು ಆರಿಸಿ ಬಿಸಿನೀರಿನಲ್ಲಿಟ್ಟು, ಅಲ್ಲಿಂದ ತೆಗೆದು ತಣ್ಣೀರಿಗೆ ಹಾಕಬೇಕು. ಒಂದೇ ಒಂದು ಸೀಳಿದರೂ ಆ ಸಲದ ಮಣಿಗಳನ್ನು ಮಾರಾಟಕ್ಕೆ ಕೊಡದೆ ಮತ್ತೆ 550 ಡಿಗ್ರಿಗೆ ಏರಿಸಿ, ಇನ್ನಷ್ಟು ನಿಧಾನವಾಗಿ ಇಳಿಸಬೇಕು.